ಡ್ರೈವರ್ ಮೇಲೆ ಗೂಬೆ ಕೂರಿಸುವ ಮುಂಚೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಬಗ್ಗೆಯೇ ಇವೆ. ಡ್ರೈವರ್ ಅಂದರೆ ವಿಂಡೋಸ್‌ಗೂ ಕಾರ್ಡಿಗೂ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್. ಎಲ್ಲವೂ ಅಸೆಂಬಲ್ ಮಾಡಿದ ಕಂಪ್ಯೂಟರ್‌ಗಳು. ಒಂದೇ ತರಹದವನ್ನು ಸೇರಿಸಿ, ಏಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಪಾರ್ಟ್ಸ್ ತಂದು ನಾನೇ ಜೋಡಿಸಿದ ಕಂಪ್ಯೂಟರ್ ಇದು. ರೈಜನ್ 5 5600, 16 ಜಿಬಿ ರ‍್ಯಾಮ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070, 550 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬ). ಬ್ರೌಸರ್, ಸಿನಿಮಾ ಎಲ್ಲ ಚೆನ್ನಾಗಿ ನಡೆಯುತ್ತವೆ. ಗೇಮ್ ಶುರು ಮಾಡಿ ಹತ್ತು ಹದಿನೈದು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗಿ, ಎರಡು ಮೂರು ಸೆಕೆಂಡ್ ಬಿಟ್ಟು ವಾಪಸ್ ಬರುತ್ತದೆ. ಅಷ್ಟರಲ್ಲಿ ಗೇಮ್ ಮುಚ್ಚಿಹೋಗಿರುತ್ತದೆ. ವಿಂಡೋಸ್ ದಾಖಲೆ ಇಡುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ನಿಂತಿತ್ತು, ಮತ್ತೆ ಸರಿಹೋಯಿತು ಅಂತ 4101 ನಂಬರಿನ ಎಂಟ್ರಿ ಇದೆ. ಆರು ಸಲ ಡ್ರೈವರ್ ಬದಲಿಸಿದೆ, ಎರಡು ಸಲ ಫಾರ್ಮ್ಯಾಟ್ ಹೊಡೆದೆ. ಯಾವ ವರ್ಷನ್ ಹಾಕಲಿ? – ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ಏಳನೇ ಸಲ ಹಾಕಬೇಡಿ. ಎರಡು ಸಲ ಫಾರ್ಮ್ಯಾಟ್ ಹೊಡೆದ ಮೇಲೂ ಅದೇ ಕಾಟ ಇದೆ ಅಂದರೆ ತಪ್ಪು ಬೇರೆ ಕಡೆ ಇರುವ ಸಾಧ್ಯತೆಯೇ ಜಾಸ್ತಿ.

ಆ 4101 ಎಂಟ್ರಿ ಏನು ಹೇಳುತ್ತಿದೆ ನೋಡಿ. ವಿಂಡೋಸ್ ವಿಸ್ತಾ ಕಾಲದಿಂದ ಒಂದು ಏರ್ಪಾಡು ಇದೆ, ಟಿಡಿಆರ್ ಅಂತ. ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಒಪ್ಪಿಸಿ ಕಾಯುತ್ತದೆ. 2 ಸೆಕೆಂಡ್ ಕಳೆದರೂ ಕಾರ್ಡ್ ಓಗೊಡಲಿಲ್ಲ ಅಂದರೆ, ಇದು ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಕಾರ್ಡನ್ನೂ ಡ್ರೈವರನ್ನೂ ರೀಸೆಟ್ ಮಾಡುತ್ತದೆ. ನಿಮ್ಮ ಸ್ಕ್ರೀನ್ ಕಪ್ಪಾಗಿ ವಾಪಸ್ ಬರುವುದು ಇದರಿಂದಲೇ. ಆಮೇಲೆ ಡ್ರೈವರ್ ಹೆಸರಲ್ಲಿ ಒಂದು ಸಾಲು ಬರೆದಿಡುತ್ತದೆ. ಕಾರ್ಡ್ ಯಾಕೆ ಓಗೊಡಲಿಲ್ಲ ಅನ್ನುವುದು ಆ ಸಾಲಿನಲ್ಲಿ ಇರುವುದಿಲ್ಲ. ಕರೆಂಟ್ ಸಾಲದೆ ನಿಂತಿತೋ, ಬಿಸಿಯಾಗಿ ನಿಂತಿತೋ, ರ‍್ಯಾಮ್‌ನಿಂದ ತಪ್ಪು ಡೇಟಾ ಬಂತೋ, ಇಲ್ಲಾ ನಿಜವಾಗಿಯೂ ಡ್ರೈವರೇ ಎಡವಿತೋ, ನಾಲ್ಕಕ್ಕೂ ಬರುವುದು ಅದೇ ಸಾಲು.

ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಹೋಗಿ ಆ 2 ಸೆಕೆಂಡನ್ನು 10 ಮಾಡಿ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ದೊಡ್ಡ ರೆಂಡರ್ ಕೆಲಸ ಮಾಡುವವರಿಗೆ ಅದು ಉಪಯೋಗಕ್ಕೆ ಬರಬಹುದು. ನಿಮಗೆ ಏನಾಗುತ್ತದೆ ಅಂದರೆ, 2 ಸೆಕೆಂಡ್ ಕಪ್ಪು ಸ್ಕ್ರೀನ್ ಬದಲು 10 ಸೆಕೆಂಡ್ ಹೆಪ್ಪುಗಟ್ಟಿದ ಸ್ಕ್ರೀನ್ ನೋಡುತ್ತಾ ಕೂರುತ್ತೀರಿ, ಅಷ್ಟೇ.

ಬ್ರೌಸರ್ ನಡೆಯುತ್ತದೆ, ಗೇಮ್‌ನಲ್ಲಿ ಮಾತ್ರ ಬೀಳುತ್ತದೆ ಅಂದಿರಿ. ಹಾಗಾಗಿ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಆರ್‌ಟಿಎಕ್ಸ್ 3070 ಪೂರ್ತಿ ಓಡುವಾಗ 220 ವ್ಯಾಟ್ ಎಳೆಯುತ್ತದೆ. ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಉಳಿದದ್ದೆಲ್ಲ ಎಸ್‌ಎಂಪಿಎಸ್‌ನಿಂದ ಕಾರ್ಡಿಗೆ ಬರುವ 8 ಪಿನ್ ಕೇಬಲ್‌ಗಳಿಂದಲೇ ಬರಬೇಕು. ಕಾಗದದ ಮೇಲೆ ಲೆಕ್ಕ ಹಾಕಿದರೆ ನಿಮ್ಮ ಇಡೀ ಕಂಪ್ಯೂಟರ್ 350 ವ್ಯಾಟ್ ಆಸುಪಾಸಿನಲ್ಲೇ ಮುಗಿಯುತ್ತದೆ, 550 ಧಾರಾಳವಾಯಿತಲ್ಲ ಅನ್ನಿಸುತ್ತದೆ. ಆದರೆ ಈ ಪೀಳಿಗೆಯ ಕಾರ್ಡ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಆ 220ಕ್ಕಿಂತ ಎಷ್ಟೋ ಮೇಲಕ್ಕೆ ಹಾರಿ ಕೆಳಗಿಳಿಯುತ್ತವೆ. ಒಳ್ಳೆಯ ಎಸ್‌ಎಂಪಿಎಸ್ ಅದನ್ನು ನುಂಗಿಕೊಳ್ಳುತ್ತದೆ. ಡಬ್ಬದ ಮೇಲೆ 550 ಅಂತ ಬರೆದುಕೊಂಡ ಅಗ್ಗದ ಮಾಲು ಅಲ್ಲಿ ಮುಗ್ಗರಿಸುತ್ತದೆ. ಎನ್‌ವಿಡಿಯಾ ಈ ಕಾರ್ಡಿಗೆ 650 ವ್ಯಾಟ್ ಅಂತ ಬರೆದಿರುವುದು ಸುಮ್ನೆ ಅಲ್ಲ.

ಈಗ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಪ್ಲಗ್ ಕಿತ್ತ ಮೇಲೆ, ಮರೆಯಬೇಡಿ. ನಿಮ್ಮ ಕಾರ್ಡಿಗೆ ಎರಡು ಸಾಕೆಟ್ ಇದ್ದರೆ, ಎರಡಕ್ಕೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಬಂದಿದೆಯಾ, ಅಥವಾ ಒಂದೇ ಕೇಬಲ್‌ನ ತುದಿಯಲ್ಲಿ ಜೋತಾಡುವ ಎರಡನೇ ತಲೆಯನ್ನು ಸಿಕ್ಕಿಸಿದ್ದೀರಾ? ಎರಡನೆಯದಾದರೆ ಇವತ್ತೇ ಬದಲಿಸಿ. ಆಮೇಲೆ ಪ್ರತಿ ಕನೆಕ್ಟರನ್ನೂ ಬಿಚ್ಚಿ ಮತ್ತೆ ಒತ್ತಿ, ಕೊಕ್ಕೆ ‘ಟಕ್’ ಅನ್ನುವವರೆಗೆ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಂದು ಸಲ ಎರಡು ರಾತ್ರಿ ಡ್ರೈವರ್ ಹಾಕಿ ತೆಗೆದು ಹಾಕಿ ತೆಗೆದು, ಮೂರನೇ ದಿನ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ, 8 ಪಿನ್ ಕನೆಕ್ಟರ್‌ನ 6 ಪಿನ್ ತುಂಡು ಪೂರ್ತಿ ಕೂತಿತ್ತು, ಪಕ್ಕದ 2 ಪಿನ್ ತುಂಡು ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಬೆರಳಲ್ಲಿ ಒತ್ತಿದೆ, ಟಕ್ ಅಂದಿತು, ಮುಗೀತು. ಎರಡು ರಾತ್ರಿ ನಿದ್ದೆ ಯಾರು ವಾಪಸ್ ಕೊಡುತ್ತಾರೆ?

ಕೇಬಲ್ ಸರಿ ಇದ್ದರೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕಾರ್ಡಿನ ಪವರ್ ಲಿಮಿಟ್ ಅನ್ನು ಶೇಕಡ 70ಕ್ಕೆ ಇಳಿಸಿ, ಒಂದು ಗಂಟೆ ಆಡಿ. ಬೀಳಲಿಲ್ಲವಾ? ಹಾಗಾದರೆ ಎಸ್‌ಎಂಪಿಎಸ್ ಅಥವಾ ಕಾರ್ಡಿನದೇ ತೊಂದರೆ. ಗೆಳೆಯರ ಹತ್ತಿರ ಒಳ್ಳೆಯ 650 ಅಥವಾ 750 ವ್ಯಾಟ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ, ಹಾಕಿ ನೋಡಿ, ಆಮೇಲೆ ಖರೀದಿ ಯೋಚನೆ ಮಾಡಿ. ಒಂದು ಎಚ್ಚರಿಕೆ: ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್ ಆದರೆ ಅದರದೇ ಕೇಬಲ್‌ಗಳನ್ನೂ ಜೊತೆಗೆ ತನ್ನಿ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಸಿಕ್ಕಿಸಿದರೆ ಕೂರುತ್ತದೆ, ಆದರೆ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು. ಹಾಗೆ ಸುಟ್ಟುಕೊಂಡವರನ್ನು ನೋಡಿದ್ದೇನೆ.

70ಕ್ಕೆ ಇಳಿಸಿದರೂ ಬಿತ್ತಾ? ಆಗ ರ‍್ಯಾಮ್ ಕಡೆ ಹೋಗಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದ್ದರೆ ಆಫ್ ಮಾಡಿ ಒಂದು ದಿನ ಓಡಿಸಿ. ನಿಮ್ಮ 5600 ಪ್ರೊಸೆಸರ್‌ಗೆ ಎಎಂಡಿ ಒಪ್ಪಿಕೊಂಡಿರುವ ರ‍್ಯಾಮ್ ವೇಗ 3200ರವರೆಗೆ. 3600ರ ರ‍್ಯಾಮ್ ಹಾಕಿ ಎಕ್ಸ್‌ಎಂಪಿ ಆನ್ ಮಾಡಿದರೆ ಅದು ಓವರ್‌ಕ್ಲಾಕ್, ಅಂದರೆ ಒಪ್ಪಿದ ವೇಗ ಮೀರಿ ಓಡಿಸಿದ ಲೆಕ್ಕವೇ. ಜಾಸ್ತಿ ಜನರಿಗೆ ನಡೆಯುತ್ತದೆ, ಕೆಲವರಿಗೆ ನಡೆಯುವುದಿಲ್ಲ. ನಡೆಯದವರಿಗೆ ರ‍್ಯಾಮ್ ಎರರ್ ಅಂತ ಬರುವುದೇ ಇಲ್ಲ, ಗ್ರಾಫಿಕ್ಸ್ ಡ್ರೈವರ್ ಕ್ರ್ಯಾಶ್ ಅಂತ ಬರುತ್ತದೆ! ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಮಲಗುವಾಗ ಓಡಿಸಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ರ‍್ಯಾಮ್ ಕಡೆಯದೇ ತಪ್ಪು.

ಇಷ್ಟೆಲ್ಲ ಆದಮೇಲೆ ಡ್ರೈವರ್. ನೀವು ಆರು ಸಲ ಬದಲಿಸಿದ್ದು ಹೇಗೆ ಅಂತ ಬರೆದಿಲ್ಲ. ಒಂದರ ಮೇಲೊಂದು ಹಾಕುತ್ತಾ ಹೋದರೆ ಹಳೆಯದರ ಚೂರುಗಳು ಉಳಿಯುತ್ತವೆ. ಒಂದೇ ಸಲ ಸರಿಯಾಗಿ ಮಾಡಿ. ಬೇಕಾದ ಡ್ರೈವರ್ ಮತ್ತು ಡಿಡಿಯು (ಹಳೆಯ ಡ್ರೈವರನ್ನು ಬೇರುಸಹಿತ ತೆಗೆಯುವ ಸಾಫ್ಟ್‌ವೇರ್) ಎರಡನ್ನೂ ಮೊದಲೇ ಇಳಿಸಿಕೊಂಡು ಇಂಟರ್ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆದರೆ ಆಫ್ ಮಾಡಿ. ಇದನ್ನು ಮರೆತರೆ ನೀವು ಹಳೆಯದನ್ನು ತೆಗೆದ ಮರುಕ್ಷಣ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಒಂದು ಡ್ರೈವರನ್ನು ಹಿಂಬಾಗಿಲಿಂದ ತಂದು ಕೂರಿಸುತ್ತದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ 4 ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಅಲ್ಲಿ ಡಿಡಿಯು ಓಡಿಸಿ, ‘ಕ್ಲೀನ್ ಅಂಡ್ ರೀಸ್ಟಾರ್ಟ್’ ಒತ್ತಿ, ಸಾಮಾನ್ಯ ವಿಂಡೋಸ್‌ಗೆ ಬಂದ ಮೇಲೆ ಹೊಸದನ್ನು ಹಾಕಿ, ಕೊನೆಗೆ ಇಂಟರ್ನೆಟ್. ಸೇಫ್ ಮೋಡ್‌ನಲ್ಲಿ ಲಾಗಿನ್ ಪಿನ್ ನಂಬರ್ ಕೆಲವೊಮ್ಮೆ ನಡೆಯುವುದಿಲ್ಲ, ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಏರ್ಪಾಡು) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡೇ ಶುರು ಮಾಡಿ.

ಡ್ರೈವರ್ ಯಾವತ್ತೂ ತಪ್ಪೇ ಮಾಡುವುದಿಲ್ಲ ಅಂತಲ್ಲ. 2025ರ ಮೊದಲ ತಿಂಗಳುಗಳಲ್ಲಿ ಬಂದ ಎನ್‌ವಿಡಿಯಾ 572 ಸರಣಿಯಲ್ಲಿ ಕಪ್ಪು ಸ್ಕ್ರೀನ್ ಕಾಟ ನಿಜವಾಗಿಯೂ ಇತ್ತು. 30 ಮತ್ತು 40 ಸರಣಿ ಕಾರ್ಡಿನವರು ಎಷ್ಟೋ ಜನ 2024ರ ಡಿಸೆಂಬರ್‌ನ 566.36ಕ್ಕೆ ವಾಪಸ್ ಹೋಗಿ ಕೂತಿದ್ದರು. ಆದರೆ ಅಂಥ ತಪ್ಪು ಆದಾಗ ಊರಿಗೆಲ್ಲ ಆಗುತ್ತದೆ, ಕೆಲವೇ ವರ್ಷನ್‌ಗಳಲ್ಲಿ ಆಗುತ್ತದೆ. ಆರು ವರ್ಷನ್‌ನಲ್ಲೂ ನಿಮಗೊಬ್ಬರಿಗೇ ಆಗುತ್ತಿದ್ದರೆ ಕ್ಯಾಬಿನೆಟ್ ಒಳಗೆ ನೋಡಿ.

ಪ್ರಶ್ನೆ: ಹೊಸ ಆರ್‌ಟಿಎಕ್ಸ್ 4060 ಹಾಕಿಸಿದೆ. ಪ್ರೊಸೆಸರ್ ಐ5 12400. ಡ್ರೈವರ್ ಸರಿಯಾಗಿ ಹತ್ತಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರೂ ಕಾಣುತ್ತದೆ. ಆದರೆ ಗೇಮ್ ಮೊದಲಿನಷ್ಟೇ ಕುಂಟುತ್ತದೆ. ಡುಪ್ಲಿಕೇಟ್ ಕಾರ್ಡ್ ಕೊಟ್ಟರಾ? – ಕಲಬುರಗಿ

ಉತ್ತರ: ಕಂಪ್ಯೂಟರ್ ಹಿಂಭಾಗಕ್ಕೆ ಹೋಗಿ. ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದೆ? ಮೇಲೆ, ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿ ಇದ್ದರೆ ಅದು ಬೋರ್ಡಿನದು. ಅಂದರೆ ನೀವು ದುಡ್ಡು ಕೊಟ್ಟು ತಂದ ಕಾರ್ಡ್ ಸುಮ್ನೆ ಕೂತಿದೆ, ಕೆಲಸವೆಲ್ಲ 12400 ಒಳಗಿರುವ ಪುಟ್ಟ ಗ್ರಾಫಿಕ್ಸ್ ಮೇಲೆ ಬಿದ್ದಿದೆ. ಕೆಳಗೆ ಅಡ್ಡಡ್ಡವಾಗಿ ಇರುವ ಸಾಲಿನಲ್ಲಿ ಸಿಕ್ಕಿಸಿ. ನಾಚಿಕೆ ಬೇಡ, ಇದೇ ಪ್ರಶ್ನೆ ನನಗೆ ತಿಂಗಳಿಗೊಂದಾದರೂ ಬರುತ್ತದೆ. ನಿಮ್ಮದು 12400ಎಫ್ ಆಗಿದ್ದರೆ ಮೇಲೆ ಸಿಕ್ಕಿಸಿದಾಗ ಏನೂ ಕಾಣುತ್ತಲೇ ಇರಲಿಲ್ಲ, ತಪ್ಪು ಅವತ್ತೇ ಗೊತ್ತಾಗುತ್ತಿತ್ತು.

ಪ್ರಶ್ನೆ: ಒಬ್ಬರಿಂದ ಆರ್‌ಎಕ್ಸ್ 580 8 ಜಿಬಿ ಕಾರ್ಡ್ ಕೈಬದಲಿಯಾಗಿ ಕೊಂಡೆ. ಸ್ಕ್ರೀನ್ ಬರುತ್ತದೆ. ಡ್ರೈವರ್ ಹಾಕಿದ ಕೂಡಲೇ ಹಳದಿ ಚಿಹ್ನೆ, ಕೋಡ್ 43. ಮಾರಿದವರು ‘ನಮ್ಮಲ್ಲಿ ಚೆನ್ನಾಗಿಯೇ ಓಡುತ್ತಿತ್ತು’ ಅನ್ನುತ್ತಾರೆ. – ಮಂಗಳೂರು

ಉತ್ತರ: ಅವರು ಹೇಳಿದ್ದು ನಿಜವೂ ಇರಬಹುದು. ಎಲ್ಲಿ, ಯಾವ ಕೆಲಸಕ್ಕೆ ಓಡುತ್ತಿತ್ತು ಅಂತ ಕೇಳಿ. ಆರ್‌ಎಕ್ಸ್ 580 ಅಂದರೆ ಒಂದು ಕಾಲದಲ್ಲಿ ಕ್ರಿಪ್ಟೋ ಮೈನಿಂಗ್ ಮಾಡುವವರ ಅಚ್ಚುಮೆಚ್ಚು. ಅವರು ಕಾರ್ಡಿನ ಬಯಾಸ್ (ಕಾರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್) ತಿದ್ದುತ್ತಿದ್ದರು, ಮೆಮೊರಿಯ ಟೈಮಿಂಗ್ ಬದಲಿಸಿ ನಾಲ್ಕು ಕಾಸು ಜಾಸ್ತಿ ಗಿಟ್ಟಿಸುವುದಕ್ಕೆ. ಎಎಂಡಿ ಡ್ರೈವರ್ ಆ ಬಯಾಸ್‌ನ ಡಿಜಿಟಲ್ ಸಹಿ ನೋಡುತ್ತದೆ. ಕೈಯಾಡಿಸಿದ್ದು ಗೊತ್ತಾದರೆ ಕಾರ್ಡನ್ನು ಒಪ್ಪುವುದಿಲ್ಲ. ಸ್ಕ್ರೀನ್ ಬರುವುದು ವಿಂಡೋಸ್‌ನ ಬೇಸಿಕ್ ಡ್ರೈವರ್‌ನಿಂದ. ಅದಕ್ಕೆ ಸಹಿ ಗಿಹಿ ಬೇಕಿಲ್ಲ.

ಮೊದಲು ಕಾರ್ಡಿನ ಅಂಚಿನಲ್ಲಿ ಚಿಕ್ಕ ಸ್ವಿಚ್ ಇದೆಯಾ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಎರಡು ಬಯಾಸ್ ಇರುತ್ತವೆ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಆ ಕಡೆ ತಳ್ಳಿ ಆನ್ ಮಾಡಿ, ಅಲ್ಲಿ ಮೂಲ ಬಯಾಸ್ ಹಾಗೇ ಉಳಿದಿದ್ದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಹಾಕಿ ಎರಡು ವಿಷಯ ಬರೆದುಕೊಳ್ಳಿ. ಒಂದು, ಶೇಡರ್‌ಗಳ (ಚಿಪ್ ಒಳಗಿನ ಲೆಕ್ಕದ ಘಟಕಗಳ) ಸಂಖ್ಯೆ. ನಿಜವಾದ ಆರ್‌ಎಕ್ಸ್ 580ರಲ್ಲಿ 2304 ಇರಬೇಕು. 2048 ಅಂತ ಬಂದರೆ ನಿಮಗೆ ಕೊಟ್ಟಿರುವುದು ‘2048ಎಸ್‌ಪಿ’ ಅನ್ನುವ ಕಡಿಮೆ ದರ್ಜೆಯ ಅವತಾರ, ದುಡ್ಡಿನ ಮಾತು ಅಲ್ಲೇ ಶುರು ಮಾಡಬಹುದು. ಎರಡು, ಮೆಮೊರಿ ಚಿಪ್ ಯಾರದ್ದು ಅಂತ: ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಎಲ್ಪಿಡಾ. ಮೂಲ ಬಯಾಸ್ ಹುಡುಕಿ ಫ್ಲ್ಯಾಶ್ ಮಾಡುವಾಗ (ಕಾರ್ಡಿಗೆ ಬರೆಯುವಾಗ) ಕಾರ್ಡಿನ ಮಾಡೆಲ್ ಜೊತೆಗೆ ಈ ಮೆಮೊರಿಯೂ ತಾಳೆಯಾಗಬೇಕು. ತಪ್ಪಿದರೆ ಇದ್ದ ಸ್ಕ್ರೀನೂ ಹೋಗುತ್ತದೆ. ಕೈ ನಡುಗಿದರೆ ಫ್ಲ್ಯಾಶ್ ಮಾಡಿ ಅಭ್ಯಾಸ ಇರುವವರ ಹತ್ತಿರ ಕೊಡಿ. ಸಹಿ ಪರೀಕ್ಷೆಯನ್ನೇ ತಪ್ಪಿಸುವ ಪ್ಯಾಚ್‌ಗಳು ಸಿಗುತ್ತವೆ, ನಾನಂತೂ ಹಾಕಿ ಅನ್ನುವುದಿಲ್ಲ.

ನಿಮ್ಮದು ಕರಾವಳಿ ಅಂತ ಇನ್ನೊಂದು ಮಾತು. ಉಪ್ಪುಗಾಳಿ, ಮಳೆಗಾಲದ ತೇವ, ಎರಡೂ ಸೇರಿ ಕಾರ್ಡಿನ ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಂಕು ಹಿಡಿಸುತ್ತವೆ. ಬಿಳಿ ರಬ್ಬರ್ ತೆಗೆದುಕೊಂಡು ಮೆಲ್ಲಗೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸ್ಲಾಟಿಗೆ ಹಾಕಿ. ಬಯಾಸ್ ತಿದ್ದಿದ್ದರೆ ಇದರಿಂದ ಸರಿಹೋಗುವುದಿಲ್ಲ. ಆದರೆ ಐದು ನಿಮಿಷದ ಕೆಲಸ, ಫ್ಲ್ಯಾಶ್‌ಗೆ ಮುಂಚೆ ಮಾಡಿಬಿಡಿ.

ಪ್ರಶ್ನೆ: ರೈಜನ್ 5600ಜಿ ಜೊತೆ ಆರ್‌ಎಕ್ಸ್ 6600 ಇದೆ. ವಾರಕ್ಕೊಮ್ಮೆ ಎಎಂಡಿ ಸಾಫ್ಟ್‌ವೇರ್ ತೆರೆಯಲು ಹೋದರೆ ಡ್ರೈವರ್‌ಗೂ ಇದಕ್ಕೂ ಹೊಂದಾಣಿಕೆ ಇಲ್ಲ ಅನ್ನುತ್ತದೆ. ನಾನು ಏನನ್ನೂ ಮುಟ್ಟಿಲ್ಲ. – ತುಮಕೂರು

ಉತ್ತರ: ನೀವು ಮುಟ್ಟಿಲ್ಲ, ವಿಂಡೋಸ್ ಅಪ್‌ಡೇಟ್ ಮುಟ್ಟಿದೆ. 5600ಜಿ ಒಳಗೂ ಒಂದು ಗ್ರಾಫಿಕ್ಸ್ ಇದೆ, ಅದಕ್ಕೆ ತನ್ನಲ್ಲಿರುವ ಬೇರೆ ವರ್ಷನ್ ತಂದು ಹಾಕುತ್ತದೆ, ಆಗ ಎರಡರ ಜೋಡಿ ತಪ್ಪುತ್ತದೆ. ಮೇಲೆ ಹೇಳಿದ ಹಾಗೆ ಇಂಟರ್ನೆಟ್ ಕಿತ್ತು ಡಿಡಿಯು ಹಾಕಿ, ಎಎಂಡಿ ಸೈಟಿನ ಪೂರ್ತಿ ಪ್ಯಾಕೇಜ್ ಹಾಕಿ. ಇಂಟರ್ನೆಟ್ ಕೊಡುವ ಮೊದಲು ವಿಂಡೋಸ್‌ನ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್‌ನಲ್ಲಿ ‘ನೋ’ ಆರಿಸಿ. ಒಳಗಿನ ಗ್ರಾಫಿಕ್ಸ್ ಬಳಸುವುದೇ ಇಲ್ಲ ಅಂದರೆ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ, ಜಗಳವೇ ಇರುವುದಿಲ್ಲ.

ಪ್ರಶ್ನೆ: ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೇನೆ, ಪ್ರಾಜೆಕ್ಟ್‌ಗೆ ಕೂಡಾ (CUDA, ಎನ್‌ವಿಡಿಯಾ ಕಾರ್ಡ್‌ನಲ್ಲಿ ಲೆಕ್ಕ ಮಾಡಿಸುವ ಸಾಫ್ಟ್‌ವೇರ್) ಬೇಕು. ಎನ್‌ವಿಡಿಯಾ ಡ್ರೈವರ್ ಹಾಕಿದ್ದೇನೆ, ಆದರೆ ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಓಡಿಸಿದರೆ ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಅನ್ನುತ್ತದೆ. – ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: (‘ಕೂಡಾ ಕೂಡಾ ಬೇಕು’ ಅಂತ ಬರೆಯದೇ ಇದ್ದದ್ದಕ್ಕೆ ಥ್ಯಾಂಕ್ಸ್.) ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಅಂತ ಕೇಳಿತ್ತು, ನೀವು ಏನೋ ಒಂದು ಕೊಟ್ಟಿರಿ. ರೀಸ್ಟಾರ್ಟ್ ಆದಾಗ ಒಂದು ನೀಲಿ ಸ್ಕ್ರೀನ್ ಬಂತು, ನೀವು ಹೆದರಿ ‘ಕಂಟಿನ್ಯೂ ಬೂಟ್’ ಒತ್ತಿದಿರಿ. ಹೌದಾ? ಆ ಸ್ಕ್ರೀನ್ ಸೆಕ್ಯೂರ್ ಬೂಟ್‌ಗೆ ಸಂಬಂಧಪಟ್ಟದ್ದು. ಸಹಿ ಇಲ್ಲದ ಡ್ರೈವರನ್ನು ಸೆಕ್ಯೂರ್ ಬೂಟ್ ಒಳಗೆ ಬಿಡುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲೇ ತಯಾರಾದ ಡ್ರೈವರ್‌ಗೆ ನಿಮ್ಮ ಕೀ ಹಾಕಿ ಒಪ್ಪಿಗೆ ಕೊಡಬೇಕಿತ್ತು. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಈಗ ಡ್ರೈವರ್ ತೆಗೆದು, ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಿಂದಲೇ ಮತ್ತೆ ಹಾಕಿ, ನೀಲಿ ಸ್ಕ್ರೀನ್ ಬಂದಾಗ ಓಡಿಹೋಗಬೇಡಿ. ಎನ್‌ವಿಡಿಯಾ ಸೈಟಿನಿಂದ ಇಳಿಸಿದ ಫೈಲ್ ಓಡಿಸಿದ್ದರೆ ಅದನ್ನು ಬಿಡಿ. ಉಬುಂಟುವಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ದಿನ ಅದು ಕೈಕೊಡಬಹುದು, ಅದೂ ಪ್ರಾಜೆಕ್ಟ್ ಸಬ್‌ಮಿಷನ್ ಹಿಂದಿನ ರಾತ್ರಿಯೇ.

ಪ್ರಶ್ನೆ: ಆನಿಮೇಷನ್ ಕೆಲಸಕ್ಕೆ ಕಟ್ಟಿಸಿದ ಕಂಪ್ಯೂಟರ್. ಐ9 13900ಕೆ, 12 ಜಿಬಿಯ ಆರ್‌ಟಿಎಕ್ಸ್ 4070. ಅನ್‌ರಿಯಲ್ ಎಂಜಿನ್ ಬಳಸುವ ಗೇಮ್‌ಗಳು ಶೇಡರ್ ತಯಾರಿಸುವಾಗಲೇ ‘ಔಟ್ ಆಫ್ ವಿಡಿಯೋ ಮೆಮೊರಿ’ ಅಂತ ಬೀಳುತ್ತವೆ. 12 ಜಿಬಿ ಸಾಲದಾ? 16 ಜಿಬಿ ಕಾರ್ಡ್ ತಗೊಳ್ಳಲಾ? – ಬೆಂಗಳೂರು

ಉತ್ತರ: ಕಾರ್ಡ್ ಕೊಳ್ಳಬೇಡಿ, ದಯವಿಟ್ಟು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 4070 ಅಲ್ಲ, 13900ಕೆ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ, ಮುಖ್ಯವಾಗಿ ಐ7, ಐ9ಗಳಲ್ಲಿ, ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಕ್ರಮೇಣ ಅಸ್ಥಿರವಾಗುವ ತೊಂದರೆ ಇದೆ ಅಂತ 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡಿತು. ಶೇಡರ್ (ಇಲ್ಲಿ, ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ತಯಾರಿಸುವುದು, ಫೈಲ್ ಬಿಚ್ಚುವುದು ಇವೆಲ್ಲ ಪ್ರೊಸೆಸರ್ ಕೆಲಸ. ಅಲ್ಲಿ ಲೆಕ್ಕ ತಪ್ಪಿದಾಗ ಗೇಮ್ ಹೇಳುವುದು ವಿಡಿಯೋ ಮೆಮೊರಿ ಸಾಲಲಿಲ್ಲ ಅಂತ. ಎಷ್ಟೋ ಜನ ಒಳ್ಳೆಯ ಕಾರ್ಡ್‌ಗಳನ್ನು ವಾಪಸ್ ಕೊಟ್ಟುಬಿಟ್ಟರು, ಪಾಪ. ಕೊನೆಗೆ ಎನ್‌ವಿಡಿಯಾವೇ, ಇದನ್ನು ಇಂಟೆಲ್ ಹತ್ತಿರ ಕೇಳಿ ಅಂತ ಹೇಳಬೇಕಾಯಿತು.

ಬಯಾಸ್‌ಗೆ ಹೋಗಿ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಆನ್ ಮಾಡಿ. ಪಿ-ಕೋರ್ ರೇಷಿಯೋ (ಮುಖ್ಯ ಕೋರ್‌ಗಳ ವೇಗದ ಸೆಟ್ಟಿಂಗ್) 53ಕ್ಕೆ ಇಳಿಸಿ ಅದೇ ಗೇಮ್ ಓಡಿಸಿ. ಬೀಳುವುದು ನಿಂತರೆ ತಪ್ಪು ಪ್ರೊಸೆಸರ್‌ದೇ. ಆಮೇಲೆ ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಬಯಾಸ್ ಹಾಕಿ, 2024ರ ಸೆಪ್ಟೆಂಬರ್‌ನ 0ಎಕ್ಸ್12ಬಿ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಸಾಫ್ಟ್‌ವೇರ್) ಅಥವಾ ಅದಕ್ಕಿಂತ ಈಚಿನದು ಅದರಲ್ಲಿರಬೇಕು. ಆದರೆ ಇದು ಮುಂದಿನ ಹಾನಿ ತಡೆಯುತ್ತದೆಯೇ ಹೊರತು ಆಗಲೇ ಹಾಳಾದ ಚಿಪ್ಪನ್ನು ಸರಿ ಮಾಡುವುದಿಲ್ಲ. ಹಾಳಾಗಿದ್ದರೆ ವಾರಂಟಿಗೆ ಕಳಿಸಿ. ಬಾಕ್ಸ್ ಸಮೇತ ಕೊಂಡ ಪ್ರೊಸೆಸರ್‌ಗೆ ಇಂಟೆಲ್ 2 ವರ್ಷ ಸೇರಿಸಿ ಒಟ್ಟು 5 ವರ್ಷ ಮಾಡಿದೆ. ಬಿಲ್ ಎಲ್ಲಿದೆ ಹುಡುಕಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗ ಡಿಗ್ರಿ ಓದುತ್ತಾನೆ. ಅವನ ಕಂಪ್ಯೂಟರ್‌ನಲ್ಲಿ ಜಿಟಿಎಕ್ಸ್ 1060 ಅನ್ನುವ ಕಾರ್ಡ್ ಇದೆಯಂತೆ. ‘ಇನ್ನು ಇದಕ್ಕೆ ಡ್ರೈವರ್ ಬರೋದಿಲ್ಲ ಅಮ್ಮಾ, ಕಾರ್ಡ್ ಸತ್ತ ಹಾಗೇ’ ಅಂತ ಹೊಸದಕ್ಕೆ ಮೂವತ್ತು ಸಾವಿರ ಕೇಳುತ್ತಿದ್ದಾನೆ. ನಿಜವಾ? – ಶಿವಮೊಗ್ಗದ ಒಬ್ಬ ತಾಯಿ

ಉತ್ತರ: ಮಗ ಅರ್ಧ ನಿಜ ಹೇಳಿದ್ದಾನೆ ಮೇಡಂ. 2016ರಲ್ಲಿ ಬಂದ ಕಾರ್ಡ್ ಅದು. ಆ ಪೀಳಿಗೆಗೆ ಹೊಸ ಹೊಸ ಗೇಮ್‌ಗೆ ತಕ್ಕಂತೆ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು, 580 ಸರಣಿಯೇ ಕೊನೆ. ಅವನು ಹೇಳದೇ ಬಿಟ್ಟ ಅರ್ಧ ಏನೆಂದರೆ, ಸುರಕ್ಷತೆಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ಇವತ್ತು ಓಡುವ ಗೇಮ್ ನಾಳೆಯೂ ಓಡುತ್ತದೆ. ಓದು, ಕೋಡಿಂಗ್, ಸಿನಿಮಾ ಯಾವುದಕ್ಕೂ ತೊಂದರೆ ಇಲ್ಲ.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಈಚಿನ ಕೆಲವು ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವ ಸೌಲಭ್ಯ) ಇರುವ ಕಾರ್ಡ್ ಇಲ್ಲದೆ ಶುರುವೇ ಆಗುವುದಿಲ್ಲ, 1060ರಲ್ಲಿ ಅದಿಲ್ಲ. ಹಾಗಾಗಿ ಅವನಿಗೆ ಬೇಕಾಗಿರುವುದು ಡ್ರೈವರ್ ಅಲ್ಲ, ಹೊಸ ಗೇಮ್. ಹಾಗಂತ ನೇರವಾಗಿ ಕೇಳಲಿ, ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಇನ್ನೊಂದು, ‘ಹಳೆ ಕಾರ್ಡಿಗೂ ಹೊಸ ಡ್ರೈವರ್ ಹುಡುಕಿ ಕೊಡುತ್ತೇವೆ’ ಅನ್ನುವ ಸಾಫ್ಟ್‌ವೇರ್‌ಗಳನ್ನು ಅವನು ಹಾಕಿದ್ದರೆ ಇವತ್ತೇ ತೆಗೆಸಿ. ಎನ್‌ವಿಡಿಯಾ ಕೊಡದ ಡ್ರೈವರ್ ಅವರ ಹತ್ತಿರ ಎಲ್ಲಿಂದ ಬರುತ್ತದೆ?

ಮತ್ತೆ, ಆ ಕಾರ್ಡಿನ ಫ್ಯಾನ್‌ನಲ್ಲಿ ಎಷ್ಟು ವರ್ಷದ ಧೂಳಿದೆಯೋ! ಈ ಭಾನುವಾರ ಅವನ ಕೈಯಲ್ಲೇ ಬ್ರಷ್ ಕೊಟ್ಟು ತೆಗೆಸಿ. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಂಡು ಉಜ್ಜಲಿ.